ಪ್ರಾರ್ಥನೆಯ ಪುಸ್ತಕ ಮತ್ತು ನಮ್ಮ ಮನೆಯ ಹಸ್ತಪ್ರತಿಗಳು

(ಸಂಸ್ಥೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಇಂದು ನಾನು ಮಾತನಾಡಲು ಆರಿಸಿಕೊಂಡ ವಿಷಯ ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ಸುಮಾರು ಆರುನೂರು ವರ್ಷಗಳ ಹಿಂದೆ ಯುರೋಪಿನ ಕ್ರೈಸ್ತರು ತಮ್ಮ ಮನೆಗಳಲ್ಲಿ ಇಟ್ಟುಕೊಳ್ಳುತ್ತಿದ್ದ ಪ್ರಾರ್ಥನೆಯ ಪುಸ್ತಕವೇ ಆ ವಿಷಯ. ಕೈಯಿಂದ ಬರೆದು, ಬಂಗಾರ ಮತ್ತು ಬಣ್ಣಗಳಿಂದ ಸಿಂಗರಿಸಿದ ಪುಸ್ತಕ ಅದು. ಮುಸ್ಲಿಂ ಶಿಕ್ಷಣ ಸಂಸ್ಥೆಯ ಸಮಾರಂಭದಲ್ಲಿ, ಅದೂ ಆದಿಲಶಾಹಿಗಳ ಈ ಊರಿನಲ್ಲಿ, ಆ ಪುಸ್ತಕದ ಮಾತೇಕೆ ಎಂದು ನೀವು ಕೇಳಿದರೆ ತಪ್ಪಲ್ಲ. ಉತ್ತರ ಸರಳವಾಗಿದೆ. ಪರರ ಮನೆಯ ಕಪಾಟನ್ನು ನೋಡಿದಾಗ ನಮ್ಮ ಮನೆಯ ಕಪಾಟು ನೆನಪಾಗುತ್ತದೆ. ಆ ಪುಸ್ತಕ ಹೇಗೆ ಹುಟ್ಟಿತು, ಯಾರು ಓದಿದರು, ಹೇಗೆ ಉಳಿಯಿತು, ಹೇಗೆ ಹಾಳಾಯಿತು ಎಂಬುದನ್ನು ತಿಳಿದರೆ, ನಮ್ಮ ವಿಜಯಪುರದ ಪುಸ್ತಕಗಳಿಗೆ ಏನಾಯಿತು, ನಮ್ಮ ಮನೆಗಳಲ್ಲಿ ಉಳಿದಿರುವ ಪುಸ್ತಕಗಳಿಗೆ ಇನ್ನು ಏನಾಗಬಾರದು ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಆ ಪುಸ್ತಕದ ಪರಿಚಯ. ಅದನ್ನು ಇಂಗ್ಲಿಷಿನಲ್ಲಿ ಬುಕ್ ಆಫ್ ಅವರ್ಸ್ ಎನ್ನುತ್ತಾರೆ. ನಾವು ಅದನ್ನು ಹೊತ್ತಿನ ಪುಸ್ತಕ ಎನ್ನೋಣ. ಮಠಗಳಲ್ಲಿ ಸನ್ಯಾಸಿಗಳು ಹಗಲು ರಾತ್ರಿ ಸೇರಿ ಎಂಟು ಹೊತ್ತು ಪ್ರಾರ್ಥನೆ ಮಾಡುತ್ತಿದ್ದರು. ಸಂಸಾರದಲ್ಲಿ ಇದ್ದವರಿಗೂ ಹಾಗೆ ಹೊತ್ತು ಹೊತ್ತಿಗೆ ದೇವರನ್ನು ನೆನೆಯುವ ಆಸೆ. ಅವರಿಗಾಗಿ ಹದಿಮೂರನೆಯ ಶತಮಾನದಿಂದ ಹದಿನಾರನೆಯ ಶತಮಾನದವರೆಗೆ ಸಿದ್ಧವಾದವು ಈ ಪುಸ್ತಕಗಳು. ರಾತ್ರಿ ಕಳೆದು ಬೆಳಗಾಗುವ ಮೊದಲಿನ ಪ್ರಾರ್ಥನೆಯಿಂದ ಹಿಡಿದು ಮಲಗುವ ಮುನ್ನ ಹೇಳುವ ಪ್ರಾರ್ಥನೆಯವರೆಗೆ ಎಂಟೂ ಹೊತ್ತಿನ ಪಾಠಗಳು ಅದರಲ್ಲಿರುತ್ತವೆ. ಫಜರ್‌ನಿಂದ ಇಶಾವರೆಗೆ ಐದು ಹೊತ್ತಿನ ಲೆಕ್ಕ ಬಲ್ಲ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವೇನಲ್ಲ. ವಿಧಾನ ಬೇರೆ, ನಂಬಿಕೆ ಬೇರೆ. ಆದರೆ ದಿನವನ್ನು ಪ್ರಾರ್ಥನೆಯಿಂದ ಭಾಗ ಮಾಡಿಕೊಳ್ಳುವ ಶಿಸ್ತು ಎರಡೂ ಕಡೆ ಇದೆ.

ಪುಸ್ತಕದ ನಡುಭಾಗದಲ್ಲಿ ಯೇಸುವಿನ ತಾಯಿ ಮರಿಯಳ ಹೆಸರಿನ ಪ್ರಾರ್ಥನೆಗಳು. ಹಜರತ್ ಮರ್ಯಮ್ ಅವರ ಹೆಸರಿನಲ್ಲಿ ಪವಿತ್ರ ಕುರ್‌ಆನ್‌ನಲ್ಲಿ ಒಂದು ಅಧ್ಯಾಯವೇ ಇರುವುದನ್ನು ನೀವೆಲ್ಲ ಬಲ್ಲಿರಿ. ಅದು 19ನೆಯ ಸೂರಾ. ಅದಲ್ಲದೆ ಹೊತ್ತಿನ ಪುಸ್ತಕದಲ್ಲಿ ಪಶ್ಚಾತ್ತಾಪದ ಏಳು ಕೀರ್ತನೆಗಳು, ಸತ್ತವರಿಗಾಗಿ ಹೇಳುವ ಪ್ರಾರ್ಥನೆ ಇರುತ್ತವೆ. ಎಲ್ಲಕ್ಕಿಂತ ಮೊದಲು ಒಂದು ಕ್ಯಾಲೆಂಡರ್ ಇರುತ್ತದೆ. ಅದರಲ್ಲಿ ಹನ್ನೆರಡು ತಿಂಗಳ ಸಂತರ ದಿನಗಳನ್ನು ಬರೆದು, ದೊಡ್ಡ ಹಬ್ಬಗಳನ್ನು ಕೆಂಪು ಮಸಿಯಿಂದ ಗುರುತಿಸುತ್ತಿದ್ದರು. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ರಜೆಯ ದಿನ ಇಂದಿಗೂ ಕೆಂಪಾಗಿರುತ್ತದೆ. ವಿದ್ಯಾರ್ಥಿಗಳಿಗೆ ಆ ಕೆಂಪಿನ ಮಹತ್ವ ನಾನು ಹೇಳಬೇಕಾಗಿಲ್ಲ!

ಈ ಜಾತಿಯ ಪುಸ್ತಕಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಫ್ರಾನ್ಸಿನ ಬೆರ್ರಿ ಪ್ರಾಂತದ ಡ್ಯೂಕ್ ಆಗಿದ್ದ ಜಾನ್ ಎಂಬವನು ಮಾಡಿಸಿದ ಪುಸ್ತಕ. ಲಿಂಬೂರ್ಗ್ ಮನೆತನದ ಮೂವರು ಅಣ್ಣತಮ್ಮಂದಿರು, ಪೌಲ್, ಹೆರ್ಮನ್ ಮತ್ತು ಜಾನ್, ಸುಮಾರು 1412ರಿಂದ ಅದರ ಚಿತ್ರಗಳನ್ನು ಬರೆದರು. 1416ರಲ್ಲಿ ಆ ಡ್ಯೂಕನೂ ತೀರಿಕೊಂಡ, ಮೂವರು ಚಿತ್ರಕಾರರೂ ತೀರಿಕೊಂಡರು. ಪುಸ್ತಕ ಅರ್ಧಕ್ಕೆ ನಿಂತಿತು. ಸುಮಾರು ಎಪ್ಪತ್ತು ವರ್ಷಗಳ ನಂತರ ಜಾನ್ ಕೊಲಂಬ್ ಎಂಬ ಇನ್ನೊಬ್ಬ ಚಿತ್ರಕಾರ ಕೆಲಸ ಮುಂದುವರಿಸಿದ. 206 ಹಾಳೆಗಳ ಆ ಪುಸ್ತಕ ಈಗ ಫ್ರಾನ್ಸಿನ ಶಾಂತಿಯಿ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿದೆ.

ಆ ಪುಸ್ತಕದ ಕ್ಯಾಲೆಂಡರ್ ಪುಟಗಳಲ್ಲಿ ರಾಜರು ಮಾತ್ರವಲ್ಲ, ರೈತರೂ ಇದ್ದಾರೆ. ಫೆಬ್ರುವರಿಯಲ್ಲಿ ಹಿಮ ಬಿದ್ದಿದೆ, ಬಡವರು ಒಲೆಯ ಮುಂದೆ ಮೈ ಕಾಯಿಸುತ್ತಿದ್ದಾರೆ. ಮಾರ್ಚಿನಲ್ಲಿ ಒಬ್ಬ ಎತ್ತು ಹೂಡಿ ನೇಗಿಲು ಹೊಡೆಯುತ್ತಿದ್ದಾನೆ, ಬದಿಯ ತೋಟದಲ್ಲಿ ದ್ರಾಕ್ಷಿಬಳ್ಳಿ ಕತ್ತರಿಸುವ ಕೆಲಸ ನಡೆದಿದೆ. ಸೆಪ್ಟೆಂಬರಿನಲ್ಲಿ ಕೋಟೆಯ ಕೆಳಗೆ ದ್ರಾಕ್ಷಿ ಕೊಯ್ಯುತ್ತಿದ್ದಾರೆ. ಟಿಕೋಟಾ ಮತ್ತು ಬಬಲೇಶ್ವರ ಭಾಗದಿಂದ ಬಂದ ರೈತ ಬಂಧುಗಳು ಆ ಚಿತ್ರ ನೋಡಿದರೆ ಕೂಡಲೇ ಗುರುತಿಸುವರು. ನಮ್ಮಲ್ಲಿ ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಚಾಟ್ನಿ; ಅವರಲ್ಲಿ ಚಳಿ ಕಳೆದ ಮೇಲೆ. ಹವಾಮಾನ ಬೇರೆಯಾದರೂ ಬಳ್ಳಿಯ ಮುಂದೆ ಬಾಗಿದ ಬೆನ್ನು ಒಂದೇ. ಪ್ರಾರ್ಥನೆಯ ಪುಸ್ತಕದಲ್ಲಿ ದುಡಿಯುವವನಿಗೂ ಒಂದು ಪುಟ ಸಿಕ್ಕಿದೆ ಎಂಬುದು ಗಮನಿಸಬೇಕಾದ ಸಂಗತಿ.

ಇನ್ನು ಅದನ್ನು ಮಾಡುತ್ತಿದ್ದ ರೀತಿ. ಆಗ ಕಾಗದ ಇದ್ದರೂ ಬೆಲೆಯುಳ್ಳ ಪುಸ್ತಕಗಳನ್ನು ಕರು, ಕುರಿ, ಆಡುಗಳ ಚರ್ಮವನ್ನು ಹದ ಮಾಡಿ ಅದರ ಮೇಲೆ ಬರೆಯುತ್ತಿದ್ದರು. ಒಂದು ಪುಸ್ತಕಕ್ಕೆ ಒಂದು ಹಿಂಡಿನಷ್ಟು ಚರ್ಮ ಬೇಕಾಗುತ್ತಿತ್ತು. ಹಾಳೆಗೆ ಗೆರೆ ಎಳೆಯುವವರು ಇರುತ್ತಿದ್ದರು, ಅಕ್ಷರ ಬರೆಯುವವರು ಬೇರೆ, ಚಿತ್ರ ಬಿಡಿಸುವವರು ಬೇರೆ, ಹೊಲಿದು ರಟ್ಟು ಕಟ್ಟುವವರು ಬೇರೆ. ಬಂಗಾರವನ್ನು ತೆಳ್ಳಗೆ ಬಡಿದು, ಅಂಟಿನ ಮೇಲೆ ಕೂಡಿಸಿ, ನಯವಾದ ಕಲ್ಲಿನಿಂದಲೋ ನಾಯಿಯ ಹಲ್ಲಿನಿಂದಲೋ ತಿಕ್ಕಿ ಹೊಳಪು ಕೊಡುತ್ತಿದ್ದರು. ದೀಪದ ಬೆಳಕಿನಲ್ಲಿ ಪುಟ ತಿರುವಿದಾಗ ಅಕ್ಷರಗಳು ತಾವೇ ಬೆಳಗಿದಂತೆ ಕಾಣುತ್ತಿದ್ದವು. ಇಂಥ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರಿನ ಅರ್ಥವೂ ಅದೇ, ಬೆಳಗಿಸಿದ ಪುಸ್ತಕ.

ಅದರಲ್ಲಿ ಬಂಗಾರಕ್ಕೆ ಸಮನಾಗಿ ಬೆಲೆಯುಳ್ಳ ಬಣ್ಣ ಒಂದಿತ್ತು. ಅದು ಆಳವಾದ ನೀಲಿ. ಲಾಜವರ್ದ ಎಂಬ ಕಲ್ಲನ್ನು ಅರೆದು ತೆಗೆಯುವ ಆ ನೀಲಿಯ ಗಣಿ ಇದ್ದದ್ದು ಈಗಿನ ಅಫಘಾನಿಸ್ತಾನದ ಬದಖಶಾನ್ ಬೆಟ್ಟಗಳಲ್ಲಿ. ಕಡಲಿನಾಚೆಯಿಂದ ಬಂದದ್ದು ಎಂಬ ಅರ್ಥದ ಹೆಸರನ್ನೇ ಯುರೋಪಿನವರು ಅದಕ್ಕೆ ಇಟ್ಟರು. ಮುಸ್ಲಿಂ ನಾಡುಗಳ ಸಂತೆಗಳನ್ನು ದಾಟಿ, ಹಡಗು ಏರಿ, ವೆನಿಸ್ ಪಟ್ಟಣ ಮುಟ್ಟಿ, ಅಲ್ಲಿಂದ ಆ ಕಲ್ಲು ಪ್ಯಾರಿಸ್ಸಿನ ಚಿತ್ರಕಾರನ ಮನೆಗೆ ಹೋಗುತ್ತಿತ್ತು. ಮರಿಯಳ ಉಡುಪಿಗೆ ಅದೇ ನೀಲಿ. ಅದೇ ಕಲ್ಲಿನ ಪುಡಿಯಿಂದ ಪರ್ಷಿಯಾದ ಮತ್ತು ದಖನ್ನಿನ ಚಿತ್ರಕಾರರೂ ತಮ್ಮ ಪುಟಗಳಲ್ಲಿ ಆಕಾಶವನ್ನು ಬರೆದರು. ಕಾಗದದ ವಿದ್ಯೆಯೂ ಹಾಗೆಯೇ. ಚೀನಾದಲ್ಲಿ ಹುಟ್ಟಿ, ಸಮರಕಂದ ಮತ್ತು ಬಾಗ್ದಾದುಗಳಲ್ಲಿ ಬೆಳೆದು, ಮುಸ್ಲಿಂ ಸ್ಪೇನಿನ ಮೂಲಕ ಅದು ಯುರೋಪಿಗೆ ನಡೆದುಹೋಯಿತು. ಧರ್ಮಗಳ ನಡುವೆ ಯುದ್ಧ ನಡೆಯುತ್ತಿದ್ದ ಕಾಲದಲ್ಲಿಯೂ ಕಲ್ಲು, ಬಣ್ಣ, ಕಾಗದ, ಕಲೆ ಇವು ತಮ್ಮ ದಾರಿಯನ್ನು ನಿಲ್ಲಿಸಲಿಲ್ಲ.

ತಾಯಂದಿರೆ, ಈಗ ಹೇಳುವ ಮಾತು ವಿಶೇಷವಾಗಿ ನಿಮಗಾಗಿ. ಈ ಹೊತ್ತಿನ ಪುಸ್ತಕಗಳ ಒಡೆಯರಲ್ಲಿ ಬಹಳ ಜನ ಹೆಂಗಸರು. ಫ್ರಾನ್ಸಿನ ರಾಣಿ ಜಾನ್ ದೆವ್ರೂ ಎಂಬವಳಿಗಾಗಿ 1324ರಿಂದ 1328ರ ನಡುವೆ ಸಿದ್ಧವಾದ ಪುಸ್ತಕವೊಂದು ಈಗ ನ್ಯೂಯಾರ್ಕಿನಲ್ಲಿದೆ. ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು ಚಿಕ್ಕದು. ರಾಣಿಯರಿಗೆ ಮಾತ್ರವಲ್ಲ, ಮುಂದೆ ವ್ಯಾಪಾರಿಗಳ ಮನೆಯ ಹೆಂಗಸರಿಗೂ ಇದು ತವರಿನ ಬಳುವಳಿಯಾಗಿ ಬರತೊಡಗಿತು. ಮಗಳಿಗೆ ತಾಯಿ, ಅವಳ ಮಗಳಿಗೆ ಅವಳು, ಹೀಗೆ ಪುಸ್ತಕ ಕೈಯಿಂದ ಕೈಗೆ ದಾಟಿತು. ಮಕ್ಕಳು ಅಕ್ಷರ ಕಲಿಯುತ್ತಿದ್ದದ್ದು ಇದರಲ್ಲಿಯೇ. ಇಂಗ್ಲೆಂಡಿನಲ್ಲಿ ಈ ಪುಸ್ತಕಕ್ಕೆ ಪ್ರೈಮರ್ ಎಂಬ ಹೆಸರಿತ್ತು. ಇಂದು ಬಾಲಬೋಧೆಗೂ ಇಂಗ್ಲಿಷಿನಲ್ಲಿ ಪ್ರೈಮರ್ ಎನ್ನುತ್ತೇವೆ. ಮರಿಯಳಿಗೆ ಅವಳ ತಾಯಿ ಪುಸ್ತಕ ಹಿಡಿದು ಓದು ಕಲಿಸುವ ಚಿತ್ರ ಆ ಕಾಲದವರಿಗೆ ಬಹಳ ಪ್ರಿಯವಾದದ್ದು.

ನಮ್ಮ ಮನೆಗಳಲ್ಲಿಯೂ ಇದೇ ಅಲ್ಲವೆ? ಮಗು ಮೊದಲು ಹಿಡಿಯುವ ಪುಸ್ತಕ ಕಾಯ್ದಾ. ಅಲಿಫ್, ಬೇ ಎಂದು ಬೆರಳಿಟ್ಟು ತೋರಿಸುವವಳು ಅಮ್ಮಿ, ಇಲ್ಲವೆ ದಾದಿ, ಇಲ್ಲವೆ ಓಣಿಯ ಉಸ್ತಾನಿ. ಶಾಲೆ ಎಂಬುದು ಹೆಣ್ಣುಮಕ್ಕಳಿಗೆ ದೂರವಾಗಿದ್ದ ದಿನಗಳಲ್ಲಿಯೂ ಈ ಒಂದು ಬಾಗಿಲು ತೆರೆದಿತ್ತು. ಲ್ಯಾಟಿನ್ ಬಾರದ ಎಷ್ಟೋ ಮಂದಿ ಲ್ಯಾಟಿನ್ ಪ್ರಾರ್ಥನೆಯನ್ನು ಧ್ವನಿಯಿಂದಲೇ ಓದುತ್ತಿದ್ದರು. ಅರ್ಥ ಬಾರದೆ ಅರಬ್ಬಿ ಓದುವ ನಮ್ಮವರೂ ಅದನ್ನು ಬಲ್ಲರು. ಆದರೆ ಅಕ್ಷರ ಒಮ್ಮೆ ಕಣ್ಣಿಗೆ ಅಭ್ಯಾಸವಾದರೆ, ಓದು ಅಲ್ಲಿಗೇ ನಿಲ್ಲುವುದಿಲ್ಲ. ನೆದರ್‌ಲ್ಯಾಂಡ್ಸಿನಲ್ಲಿ ಹದಿನಾಲ್ಕನೆಯ ಶತಮಾನದ ಕೊನೆಗೆ ಗೇರ್ಟ್ ಗ್ರೋಟೆ ಎಂಬವರು ಈ ಪುಸ್ತಕವನ್ನು ಜನರ ಆಡುಮಾತಿಗೆ ತಂದರು. ಓದಿದ್ದು ಅರ್ಥವಾಗಬೇಕು ಎಂಬ ಹಂಬಲ ಅಲ್ಲಿ ಹುಟ್ಟಿತು. ನಮ್ಮ ಮಕ್ಕಳ ವಿಷಯದಲ್ಲಿಯೂ ಓದಿನ ಮೊದಲ ಬಾಗಿಲು ಕೊನೆಯ ಬಾಗಿಲಾಗಬಾರದು. ಕಾಯ್ದಾ ಹಿಡಿದ ಕೈ ಕನ್ನಡ, ಉರ್ದು, ಇಂಗ್ಲಿಷ್, ಗಣಿತ, ವಿಜ್ಞಾನದ ಪುಸ್ತಕಗಳನ್ನೂ ಹಿಡಿಯಬೇಕು. ಈ ಸಂಸ್ಥೆ ನಡೆಯುತ್ತಿರುವುದೇ ಅದಕ್ಕಾಗಿ.

ಹಳೆಯ ಪುಸ್ತಕ ತನ್ನ ಓದುಗರ ಕಥೆಯನ್ನೂ ಹೇಳುತ್ತದೆ. ಖಾಲಿ ಪುಟಗಳಲ್ಲಿ ಮನೆಯವರು ಮಕ್ಕಳ ಹುಟ್ಟಿದ ದಿನ, ಹಿರಿಯರು ತೀರಿದ ದಿನ ಬರೆದಿಡುತ್ತಿದ್ದರು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ವಿದ್ವಾಂಸೆ ಕ್ಯಾಥ್ರಿನ್ ರೂಡಿ 2010ರಲ್ಲಿ ಒಂದು ಹೊಸ ರೀತಿಯ ಅಧ್ಯಯನ ಪ್ರಕಟಿಸಿದರು. ಪುಟದ ಅಂಚಿನಲ್ಲಿ ಬೆರಳಿನ ಕೊಳೆ ಎಷ್ಟು ಕೂತಿದೆ ಎಂದು ಉಪಕರಣದಿಂದ ಅಳೆದು, ಯಾವ ಪ್ರಾರ್ಥನೆಯನ್ನು ಜನ ಹೆಚ್ಚು ಓದಿದರು ಎಂದು ಅವರು ಕಂಡುಕೊಂಡರು. ಪ್ಲೇಗಿನಿಂದ ಕಾಪಾಡುವನೆಂದು ನಂಬಿದ್ದ ಸಂತನ ಪ್ರಾರ್ಥನೆಯ ಪುಟ ಬಹಳ ಕೊಳೆಯಾಗಿತ್ತು. ಐನೂರು ವರ್ಷಗಳ ಹಿಂದಿನ ಜನರ ಭಯ ಬೆರಳ ಗುರುತಾಗಿ ಅಲ್ಲಿ ಕೂತಿದೆ. ಕೊಳೆ ಎಂದು ಒರೆಸಿದ್ದರೆ ಆ ಮಾತು ಸಿಗುತ್ತಿರಲಿಲ್ಲ. ನಮ್ಮ ಮನೆಯ ಹಳೆಯ ಪಂಜ್ ಸೂರಾಗಳಲ್ಲಿ ಯಾಸೀನ್ ಇರುವ ಪುಟ ಎಷ್ಟು ಮಾಸಿರುತ್ತದೆ ಎಂದು ಒಮ್ಮೆ ನೋಡಿರಿ.

ಮುಸ್ಲಿಂ ಜಗತ್ತಿನಲ್ಲಿ ಈ ಹೊತ್ತಿನ ಪುಸ್ತಕಕ್ಕೆ ಹತ್ತಿರವಾದದ್ದು ಯಾವುದು ಎಂದು ಕೇಳಿದರೆ, ದಲಾಯಿಲುಲ್ ಖೈರಾತ್ ಎಂದು ಹೇಳಬಹುದು. ಮೊರೊಕ್ಕೊದ ಇಮಾಮ್ ಜಜೂಲಿ ಅವರು ಸಂಕಲಿಸಿದ ದರೂದ್‌ಗಳ ಗ್ರಂಥ ಅದು. ಅವರು ತೀರಿಕೊಂಡದ್ದು 1465ರಲ್ಲಿ, ಅಂದರೆ ಯುರೋಪಿನಲ್ಲಿ ಹೊತ್ತಿನ ಪುಸ್ತಕಗಳು ಬಹಳವಾಗಿ ತಯಾರಾಗುತ್ತಿದ್ದ ಕಾಲದಲ್ಲಿಯೇ. ಇದರ ಪಾಠವೂ ವಾರದ ದಿನಗಳಿಗೆ ಹಂಚಿದೆ. ಇದರ ಪ್ರತಿಗಳಲ್ಲಿಯೂ ಬಂಗಾರದ ಅಲಂಕಾರ ಇರುತ್ತದೆ, ಮಕ್ಕಾ ಮದೀನಾಗಳ ಚಿತ್ರ ಇರುತ್ತದೆ. ಮೊರೊಕ್ಕೊದಿಂದ ತುರ್ಕಿ, ಭಾರತ, ಇಂಡೊನೇಷಿಯಾದವರೆಗೆ ಅದನ್ನು ಕೈಯಿಂದ ಬರೆದು ಹಂಚಿಕೊಂಡರು.

ಈಗ ನಮ್ಮ ಊರಿಗೆ ಬರೋಣ. ಗೋಳಗುಮ್ಮಟ ಎಂದರೆ ಎಲ್ಲರಿಗೂ ಗೊತ್ತು. ಆದರೆ ಈ ಊರು ಕಲ್ಲಿನಲ್ಲಿ ಎಷ್ಟು ದೊಡ್ಡದೋ ಕಾಗದದಲ್ಲಿಯೂ ಅಷ್ಟೇ ದೊಡ್ಡದಾಗಿತ್ತು. 1558ರಿಂದ 1580ರವರೆಗೆ ಆಳಿದ ಒಂದನೆಯ ಅಲಿ ಆದಿಲಶಹನಿಗೆ ಪುಸ್ತಕಗಳ ಹುಚ್ಚು. ಪ್ರವಾಸಕ್ಕೆ ಹೊರಟರೂ ಪುಸ್ತಕದ ಪೆಟ್ಟಿಗೆಗಳು ಜೊತೆಗಿರಬೇಕು. ಅವನ ಗ್ರಂಥಾಲಯದಲ್ಲಿ ಬರಹಗಾರರು, ಬಂಗಾರದ ಕೆಲಸದವರು, ಅಲಂಕಾರ ಮಾಡುವವರು, ರಟ್ಟು ಕಟ್ಟುವವರು ಸೇರಿ ಸುಮಾರು ಅರವತ್ತು ಜನ ದಿನವಿಡೀ ದುಡಿಯುತ್ತಿದ್ದರೆಂದು ಅದೇ ಆಸ್ಥಾನದಲ್ಲಿದ್ದ ಇತಿಹಾಸಕಾರ ರಫೀಉದ್ದೀನ್ ಶಿರಾಜಿ ಬರೆದಿದ್ದಾನೆ. 1570ರಲ್ಲಿ ಇಲ್ಲಿ ಸಿದ್ಧವಾದ ನುಜೂಮುಲ್ ಉಲೂಮ್ ಎಂಬ ಗ್ರಂಥದಲ್ಲಿ ಸುಮಾರು 400 ಚಿತ್ರಗಳಿವೆ. ನಕ್ಷತ್ರ, ಗ್ರಹ, ಆನೆ, ಕುದುರೆ, ಆಯುಧ ಎಲ್ಲವೂ ಅದರಲ್ಲಿವೆ. ಪರ್ಷಿಯನ್ ವಿದ್ಯೆಯೂ ಇದೆ, ಸಂಸ್ಕೃತದ ವಿದ್ಯೆಯೂ ಇದೆ.

1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹನ ಕಾಲದಲ್ಲಿ ಪುಸ್ತಕ ಕಲೆ ಶಿಖರ ಮುಟ್ಟಿತು. ಅವನೇ ದಖ್ಖನಿ ಭಾಷೆಯಲ್ಲಿ ಕಿತಾಬೆ ನವರಸ್ ಎಂಬ ಹಾಡುಗಳ ಗ್ರಂಥ ಬರೆದ. ಅದರಲ್ಲಿ ಸರಸ್ವತಿಯ ಸ್ಮರಣೆಯೂ ಇದೆ, ಗುಲಬರ್ಗಾದ ಹಜರತ್ ಗೇಸುದರಾಜರ ಸ್ಮರಣೆಯೂ ಇದೆ. ಅದನ್ನು ಸುಂದರವಾದ ಅಕ್ಷರಗಳಲ್ಲಿ ಬರೆದುಕೊಟ್ಟ ಇರಾನಿನ ಖಲೀಲುಲ್ಲಾ ಎಂಬ ಲಿಪಿಕಾರನಿಗೆ ಲೇಖನಿಯ ಬಾದಶಹ ಎಂಬ ಬಿರುದು ಸಿಕ್ಕಿತು. ಸೈನ್ಯ ಗೆದ್ದವರಿಗೆ ಬಿರುದು ಕೊಡುವುದು ಎಲ್ಲ ಕಡೆ ಇತ್ತು. ಚೆನ್ನಾಗಿ ಬರೆದವನನ್ನು ಬಾದಶಹ ಎಂದು ಕರೆದ ಊರು ನಮ್ಮದು. ಇದೇ ಕಾಲದಲ್ಲಿ ದಖ್ಖನಿಯಲ್ಲಿ ಬರೆದ ಪೇಮ್ ನೇಮ್ ಎಂಬ ಪ್ರೇಮಕಥೆಗೆ ಮೂವತ್ತಕ್ಕೂ ಹೆಚ್ಚು ಚಿತ್ರಗಳನ್ನು ಬಿಡಿಸಿದರು.

ಯುರೋಪಿನ ಕಲೆಗೂ ಈ ಊರಿಗೂ ನೇರ ನಂಟಿತ್ತು. ಟಿಕೋಟಾಕ್ಕೆ ಹೋಗುವ ದಾರಿಯಲ್ಲಿ ತೊರವಿ ಇದೆಯಲ್ಲ, ಅಲ್ಲಿಯೇ ಇಬ್ರಾಹಿಂ 1599ರಲ್ಲಿ ನವರಸಪುರ ಎಂಬ ಹೊಸ ಪಟ್ಟಣ ಕಟ್ಟಲು ತೊಡಗಿದ. ಸುಮಾರು 1610ರಲ್ಲಿ ಕಾರ್ನೆಲಿಸ್ ಹೇಡಾ ಎಂಬ ಡಚ್ ಚಿತ್ರಕಾರ ಅವನ ಆಸ್ಥಾನಕ್ಕೆ ಬಂದ. ಅವನು ಹಾರ್ಲೆಮ್ ಊರಿನವನು, ಪ್ರಾಗ್ ನಗರದಲ್ಲಿ ಚಕ್ರವರ್ತಿ ರುಡಾಲ್ಫನ ಹತ್ತಿರ ಕೆಲಸ ಮಾಡಿದವನು. ಪರ್ಷಿಯಾಕ್ಕೆಂದು ಹೊರಟವನು ಗೋವಾದಲ್ಲಿ ಪೋರ್ಚುಗೀಜರ ಕೈಗೆ ಸಿಕ್ಕು, ಕೊನೆಗೆ ವಿಜಯಪುರ ಸೇರಿ, ತೀರಿಕೊಳ್ಳುವವರೆಗೂ ಇಲ್ಲಿಯೇ ಉಳಿದ. 1510ರವರೆಗೆ ಆದಿಲಶಾಹಿಗಳದ್ದೇ ಆಗಿದ್ದ ಗೋವಾದಲ್ಲಿ 1556ರಲ್ಲಿ ಭಾರತದ ಮೊದಲ ಮುದ್ರಣಯಂತ್ರ ಬಂದದ್ದನ್ನೂ ನೆನೆಯಬೇಕು. ಅಲ್ಲಿ ಅಚ್ಚಿನ ಪ್ರಾರ್ಥನೆ ಪುಸ್ತಕ, ಇಲ್ಲಿ ಬಂಗಾರದ ಅಕ್ಷರದ ಪುಸ್ತಕ. ನಡುವೆ ಕೆಲವೇ ದಿನಗಳ ದಾರಿ.

ನಮ್ಮ ಜಾಮಿಯಾ ಮಸೀದಿಯ ಮಿಹ್ರಾಬಿನ ಮುಂದೆ ನಿಂತವರು ಬಂಗಾರದ ಕೆಲಸವನ್ನು ನೋಡಿ ಬೆರಗಾಗುತ್ತಾರೆ. ಮುಹಮ್ಮದ ಆದಿಲಶಹನ ಕಾಲದಲ್ಲಿ, 1636ರಲ್ಲಿ, ಮಲಿಕ್ ಯಾಕೂತ್ ಅದನ್ನು ಮಾಡಿಸಿದ. ಮುಂದಿನ ಸಲ ಹೋದಾಗ ಸ್ವಲ್ಪ ಗಮನವಿಟ್ಟು ನೋಡಿರಿ. ಹೂದಾನಿಗಳ ಜೊತೆಗೆ, ಗೂಡುಗಳಲ್ಲಿ ಇಟ್ಟಂತೆ ಪುಸ್ತಕಗಳನ್ನೂ ಅಲ್ಲಿ ಚಿತ್ರಿಸಿದ್ದಾರೆ. ಇಡೀ ಊರು ಮುಖ ಮಾಡಿ ನಿಲ್ಲುವ ಗೋಡೆಯ ಮೇಲೆ ಪುಸ್ತಕಕ್ಕೆ ಜಾಗ ಕೊಟ್ಟ ಹಿರಿಯರು ನಮ್ಮವರು.

ಹಾಗಾದರೆ ಆ ಪುಸ್ತಕಗಳೆಲ್ಲ ಎಲ್ಲಿ ಹೋದವು? ನುಜೂಮುಲ್ ಉಲೂಮ್ ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಪೇಮ್ ನೇಮ್ ಲಂಡನ್ನಿನಲ್ಲಿದೆ. ಖಲೀಲುಲ್ಲಾ ಬರೆದ ಕಿತಾಬೆ ನವರಸ್ ಹಾಳೆಗಳು ಕೆಲವು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ, ಕೆಲವು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಇವೆ. ಪ್ರವಾದಿ ಮುಹಮ್ಮದ್ (ಸ) ಅವರ ಪವಿತ್ರ ಕೇಶವನ್ನು ಇಟ್ಟಿರುವ ಅಸರ್ ಮಹಲಿನಲ್ಲಿ ಒಂದು ದೊಡ್ಡ ಗ್ರಂಥಸಂಗ್ರಹ ಇತ್ತು. 1686ರಲ್ಲಿ ರಾಜ್ಯ ಹೋದ ಮೇಲೆ ಅದನ್ನು ನೋಡಿಕೊಳ್ಳುವವರಿಗೆ ಸಂಬಳ ಕೊಡುವವರು ಇಲ್ಲವಾದರು. ನೂರೈವತ್ತು ವರ್ಷಗಳಲ್ಲಿ ತೇವಾಂಶ, ಹುಳು, ಕೈಗೆ ಸಿಕ್ಕಿದ್ದನ್ನು ಒಯ್ಯುವವರು ಸೇರಿ ಸಂಗ್ರಹವನ್ನು ಕರಗಿಸಿದರು. 1848ರಲ್ಲಿ ಸಾತಾರಾ ಸಂಸ್ಥಾನ ಬ್ರಿಟಿಷರ ಕೈಗೆ ಹೋದಾಗ ಈ ಊರೂ ಅವರದ್ದಾಯಿತು. ಉಳಿದಿದ್ದ ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. 1877ರಲ್ಲಿ ಒಟ್ಟೋ ಲೋಥ್ ಎಂಬ ಜರ್ಮನ್ ವಿದ್ವಾಂಸ ಅಲ್ಲಿಯ ಅರಬ್ಬಿ ಗ್ರಂಥಗಳ ವಿವರವಾದ ಪಟ್ಟಿ ಅಚ್ಚು ಮಾಡಿಸಿದ. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ.

ಇದರಲ್ಲಿ ಸಿಟ್ಟೂ ಬರುತ್ತದೆ, ಸಮಾಧಾನವೂ ಆಗುತ್ತದೆ. ನಮ್ಮ ಊರಿನ ಆಸ್ತಿಯನ್ನು ನಮ್ಮನ್ನು ಕೇಳದೆ ಒಯ್ದರು ಎಂಬುದು ಸತ್ಯ. ಒಯ್ದವರು ಅದನ್ನು ಲೆಕ್ಕ ಮಾಡಿ, ಹೆಸರು ಬರೆದು ಕಾಪಾಡಿದರು ಎಂಬುದೂ ಸತ್ಯ. ಆದರೆ ಒಂದು ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳಬೇಕು. ನೂರೈವತ್ತು ವರ್ಷ ಊರಿನೊಳಗೇ ಇದ್ದಾಗ ಅವುಗಳ ಒಂದು ಪಟ್ಟಿಯನ್ನಾದರೂ ಅಚ್ಚು ಮಾಡಿ ಊರಿನವರ ಕೈಗೆ ಇಡುವ ಏರ್ಪಾಡು ಆಗಲಿಲ್ಲವೇಕೆ?

ಯುರೋಪಿನಲ್ಲಿಯೂ ಎಲ್ಲ ಉಳಿಯಲಿಲ್ಲ. ಇಂಗ್ಲೆಂಡಿನ ಎಂಟನೆಯ ಹೆನ್ರಿ ಪೋಪನ ಅಧಿಕಾರವನ್ನು ತಿರಸ್ಕರಿಸಿದ ಮೇಲೆ ಪ್ರಾರ್ಥನೆಯ ಪುಸ್ತಕಗಳಿಂದ ಪೋಪ್ ಎಂಬ ಶಬ್ದವನ್ನು, 1538ರ ನಂತರ ಥಾಮಸ್ ಬೆಕೆಟ್ ಎಂಬ ಸಂತನ ಹೆಸರನ್ನು ಹೊಡೆದುಹಾಕಲು ಆಜ್ಞೆಯಾಯಿತು. ಕೆಲವರು ಚಾಕುವಿನಿಂದ ಕೆರೆದುಹಾಕಿದರು. ಕೆಲವರು ಮಾತ್ರ ತೆಳ್ಳಗೆ ಒಂದು ಗೆರೆ ಎಳೆದು ಬಿಟ್ಟರು, ಕೆಳಗಿನ ಹೆಸರು ಇಂದಿಗೂ ಓದಬರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ಆಪತ್ತು ಬಂತು. ಅಮೆರಿಕದ ಒಟ್ಟೋ ಎಗೆ ಎಂಬವರು, 1951ರಲ್ಲಿ ತೀರಿಕೊಂಡವರು, ಹಳೆಯ ಹಸ್ತಪ್ರತಿಗಳನ್ನು ಕೊಂಡು ಹಾಳೆ ಹಾಳೆಯಾಗಿ ಬಿಡಿಸಿ ಮಾರಿದರು. ಶ್ರೀಮಂತನಲ್ಲದವನಿಗೂ ಒಂದು ಹಾಳೆ ಸಿಗಲಿ ಎಂಬುದು ಅವರ ವಾದ. ಉದ್ದೇಶ ಏನೇ ಇರಲಿ, ಒಂದು ಮನೆತನ ಶತಮಾನಗಳ ಕಾಲ ಕೂಡಿಸಿಟ್ಟದ್ದು ನೂರು ಮನೆಗಳಿಗೆ ಚೆದುರಿತು. ಈಗ ವಿದ್ವಾಂಸರು ಆ ಹಾಳೆಗಳನ್ನು ಹುಡುಕಿ ಕಂಪ್ಯೂಟರಿನಲ್ಲಿ ಒಟ್ಟುಗೂಡಿಸುತ್ತಿದ್ದಾರೆ.

ಬಂಧುಗಳೆ, ಒಬ್ಬ ಮನುಷ್ಯ ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೂ ನಮ್ಮ ಊರಿನಲ್ಲಿಯೇ ಉದಾಹರಣೆ ಇದೆ. 1904ರಲ್ಲಿ ವಕೀಲಿ ಮಾಡಲು ಇಲ್ಲಿಗೆ ಬಂದ ಫ. ಗು. ಹಳಕಟ್ಟಿಯವರು ಹಳ್ಳಿ ಹಳ್ಳಿ ತಿರುಗಿ, ಮನೆ ಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ವಚನಗಳ ತಾಡವೋಲೆಗಳನ್ನು ಕೂಡಿಸಿದರು. ಆ ಓಲೆಗಳನ್ನು ಜನ ಪೂಜಿಸುತ್ತಿದ್ದರು, ಆದರೆ ಬಿಚ್ಚಿ ಓದುವವರು ವಿರಳ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು, 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರೆಂದು ಹೇಳುತ್ತಾರೆ. ಇಂದು ಕನ್ನಡಿಗರ ನಾಲಿಗೆಯ ಮೇಲೆ ವಚನಗಳು ಇರುವುದರಲ್ಲಿ ಅವರ ಪಾಲು ದೊಡ್ಡದು. ಆದಿಲಶಾಹಿ ಗ್ರಂಥಗಳಿಗೆ, ದಖ್ಖನಿ ಹಾಡುಗಳಿಗೆ, ಸೂಫಿಗಳ ಚಕ್ಕಿನಾಮಾಗಳಿಗೆ ಒಬ್ಬ ಹಳಕಟ್ಟಿಯವರು ಬೇಕಾಗಿದ್ದಾರೆ. ಈ ಸಭೆಯಲ್ಲಿ ಕೂತ ಮಕ್ಕಳಲ್ಲಿ ಒಬ್ಬರು ಏಕಾಗಬಾರದು?

ಈಗ ಕೊನೆಯ ಮತ್ತು ಮುಖ್ಯವಾದ ಮಾತು. ವಿಜಯಪುರದ ಹಳೆಯ ಓಣಿಗಳಲ್ಲಿ, ಟಿಕೋಟಾ, ಬಬಲೇಶ್ವರದಂಥ ಊರುಗಳ ಖಾಜಿ, ಇನಾಮದಾರ, ಮುಜಾವರ, ಮುಲ್ಲಾ ಮನೆತನಗಳಲ್ಲಿ ಹಳೆಯ ಪುಸ್ತಕ, ಸನದು, ಕಾಗದಪತ್ರಗಳು ಗಂಟಿನಲ್ಲಿ ಇರುವುದುಂಟು. ಮೋಡಿಯಲ್ಲಿ ಬರೆದದ್ದು ಇರಬಹುದು, ಫಾರಸಿ ಇರಬಹುದು, ದಖ್ಖನಿ ಇರಬಹುದು. ಓದಲು ಬಾರದ್ದರಿಂದ ಅದು ನಿರುಪಯೋಗಿ ಎಂದು ತಿಳಿಯುತ್ತೇವೆ. ಹರಿದ ಧಾರ್ಮಿಕ ಹಾಳೆಗಳನ್ನು ಕಾಲಡಿ ಬೀಳದಂತೆ ಬಾವಿಗೆ ಬಿಡುವುದು, ಮಣ್ಣಿನಲ್ಲಿ ಹೂಳುವುದು ನಮ್ಮ ರೂಢಿ. ಅದರ ಹಿಂದಿನ ಗೌರವ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಚ್ಚಿನ ಪ್ರತಿ ಹರಿದರೆ ಹಾಗೆ ಮಾಡಲಿ. ಆದರೆ ಅಚ್ಚಿನ ಹಾಳೆಗಳ ಜೊತೆಗೆ ಕೈಬರಹದ ಹಾಳೆಯೂ ಬಾವಿಗೆ ಹೋದರೆ, ಅದರ ಇನ್ನೊಂದು ಪ್ರತಿ ಜಗತ್ತಿನಲ್ಲಿ ಇರಲಾರದು.

ಯೆಮೆನ್ ದೇಶದ ಸನಾ ನಗರದ ದೊಡ್ಡ ಮಸೀದಿಯಲ್ಲಿ 1972ರಲ್ಲಿ ರಿಪೇರಿ ನಡೆದಾಗ, ಮೇಲ್ಛಾವಣಿಯ ಎಡೆಯಲ್ಲಿ ಹಳೆಯ ಹಾಳೆಗಳ ರಾಶಿ ಸಿಕ್ಕಿತು. ಹರಿದವೆಂದು ಗೌರವದಿಂದ ತೆಗೆದಿಟ್ಟಿದ್ದ ಕುರ್‌ಆನ್ ಹಾಳೆಗಳು ಅವು. ಅವುಗಳಲ್ಲಿ ಇಸ್ಲಾಮಿನ ಮೊದಲ ಶತಮಾನದ ಚರ್ಮದ ಹಾಳೆಗಳೂ ಇದ್ದವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಬೇರೊಂದು ಹಸ್ತಪ್ರತಿಯೊಳಗೆ ಸೇರಿಕೊಂಡಿದ್ದ ಎರಡು ಹಾಳೆಗಳ ಚರ್ಮವನ್ನು ಪರೀಕ್ಷಿಸಿದಾಗ ಅದು ಕ್ರಿ.ಶ. 568ರಿಂದ 645ರ ನಡುವಿನದು ಎಂದು ತಿಳಿದುಬಂತು. 2015ರಲ್ಲಿ ಅದು ಜಗತ್ತಿನ ಸುದ್ದಿಯಾಯಿತು. ತೆಗೆದಿಟ್ಟವರು ನಾಶ ಮಾಡದೆ ಇಟ್ಟದ್ದರಿಂದ ಇವು ಉಳಿದವು.

ಆದ್ದರಿಂದ ನನ್ನ ವಿನಂತಿ ಇಷ್ಟು. ಮನೆಯಲ್ಲಿ ಕೈಬರಹದ ಹಳೆಯ ಪುಸ್ತಕ ಇದ್ದರೆ ಹೂಳುವ ಮೊದಲು, ಮಾರುವ ಮೊದಲು ಬಲ್ಲವರಿಗೆ ತೋರಿಸಿರಿ. ಹಾಳೆಗಳನ್ನು ಬಿಡಿಸಬೇಡಿರಿ. ಅಂಟುಪಟ್ಟಿ ಹಚ್ಚಬೇಡಿರಿ, ಅದರ ಅಂಟು ಕಾಗದವನ್ನು ಕಂದಾಗಿಸಿ ತಿನ್ನುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬೇಡಿರಿ, ತೇವ ಒಳಗೇ ಉಳಿದು ಬೂಸು ಹಿಡಿಯುತ್ತದೆ. ಸ್ವಚ್ಛವಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಕದಂತೆ ಎತ್ತರದಲ್ಲಿ ಇಡಿರಿ. ಬಿಸಿಲಿಗೆ ಒಣಹಾಕಬೇಡಿರಿ, ನೆರಳಿನ ಗಾಳಿ ಸಾಕು. ಮಣೂಕದ ಶೆಡ್ಡಿನಲ್ಲಿ ನೆರಳಿನಲ್ಲಿ ದ್ರಾಕ್ಷಿ ಒಣಗಿಸುವ ನಮ್ಮ ರೈತರಿಗೆ ಈ ಒಣಹವೆಯ ಬೆಲೆ ಗೊತ್ತು. ಅದೇ ಹವೆ ಕಾಗದಕ್ಕೂ ಮಿತ್ರ. ಮಳೆಗಾಲದಲ್ಲಿ ಸೋರುವ ಮಾಳಿಗೆ ಮತ್ತು ಗೆದ್ದಲು ಮಾತ್ರ ಶತ್ರು. ಹಿಂದಿನವರು ಪುಸ್ತಕದ ಮೊದಲ ಪುಟದಲ್ಲಿ ಯಾ ಕಬೀಕಜ್ ಎಂದು ಬರೆಯುತ್ತಿದ್ದರು. ಹುಳುಗಳ ಒಡೆಯನ ಹೆಸರು ಬರೆದರೆ ಹುಳು ಪುಸ್ತಕಕ್ಕೆ ಬಾರದು ಎಂಬ ನಂಬಿಕೆ. ವಿನೋದವೇನೆಂದರೆ, ಆ ಹೆಸರು ಇರುವ ಪುಟವನ್ನೇ ಹುಳು ತಿಂದಿರುವ ಪುಸ್ತಕಗಳೂ ಇವೆ! ಆದ್ದರಿಂದ ಹೆಸರು ಬರೆದು ಸುಮ್ಮನಿರದೆ ವರ್ಷಕ್ಕೆ ಎರಡು ಸಲ ಗಂಟು ಬಿಚ್ಚಿ ನೋಡಿರಿ.

ವಿದ್ಯಾರ್ಥಿಗಳೆ, ನಿಮಗೊಂದು ಕೆಲಸ. ಮನೆಯ ಹಿರಿಯರ ಅನುಮತಿ ಕೇಳಿ, ಹಳೆಯ ಪುಸ್ತಕದ ಪ್ರತಿ ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆಯಿರಿ. ಯಾರ ಮನೆಯದು, ಎಷ್ಟು ಹಾಳೆ, ಯಾವ ಲಿಪಿ, ಕೊನೆಯ ಪುಟದಲ್ಲಿ ಬರೆದವರ ಹೆಸರು ಮತ್ತು ಹಿಜರಿ ವರ್ಷ ಇದೆಯೇ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪುಸ್ತಕ ನಿಮ್ಮ ಮನೆಯಲ್ಲಿಯೇ ಇರಲಿ, ಯಾರಿಗೂ ಕೊಡಬೇಕಾಗಿಲ್ಲ. ಪಟ್ಟಿ ಮಾತ್ರ ಸಂಸ್ಥೆಯಲ್ಲಿ ಇರಲಿ. ಕೇಂದ್ರ ಸರಕಾರ 2003ರಲ್ಲಿ ಹಸ್ತಪ್ರತಿಗಳಿಗಾಗಿ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತ್ತು. 2025ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಎಂಬ ಹೆಸರಿನಿಂದ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ದಾಖಲಿಸುವ ಗುರಿಯನ್ನು ಘೋಷಿಸಲಾಯಿತು. ಆ ಕೋಟಿಯ ಲೆಕ್ಕದಲ್ಲಿ ವಿಜಯಪುರ, ಟಿಕೋಟಾ, ಬಬಲೇಶ್ವರಗಳ ಹೆಸರು ಇರಬೇಕಾದರೆ ಪಟ್ಟಿ ನಮ್ಮಿಂದಲೇ ಹೋಗಬೇಕು. ಮತ್ತು ಒಮ್ಮೆಯಾದರೂ ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿರುವ ಅರಬ್ಬಿ ಫಾರಸಿ ಹಸ್ತಪ್ರತಿಗಳನ್ನು ನಿಂತು ನೋಡಿರಿ. ಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಹಾಗೆಯೇ ಮರಳಿ ಬರಬೇಡಿರಿ.

ಫ್ರಾನ್ಸಿನ ಆ ಪುಸ್ತಕವನ್ನು ಮಾಡಿಸಿದವನೂ ಬರೆದವರೂ ಒಂದೇ ವರ್ಷದಲ್ಲಿ ಕಣ್ಮರೆಯಾದರು. ಕೆಲಸ ಮಾತ್ರ ಇನ್ನೊಬ್ಬರ ಕೈ ಸೇರಿ ಮುಂದುವರಿಯಿತು. ನಮ್ಮ ಹಿರಿಯರು ಬರೆದದ್ದನ್ನು ಉಳಿಸುವ, ಓದುವ, ಅಚ್ಚಿಗೆ ತರುವ ಕೆಲಸವೂ ಹಾಗೆಯೇ ಅರ್ಧಕ್ಕೆ ನಿಂತಿದೆ. ಅದನ್ನು ಮುಂದುವರಿಸುವ ಕೈಗಳು ಈ ಸಭಾಂಗಣದಲ್ಲಿವೆ ಎಂಬ ಭರವಸೆ ನನಗಿದೆ. ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ವಿದ್ಯೆಯನ್ನು ದಯಪಾಲಿಸಲಿ.